ತೋಟದ ಮನೆಯ ಬಚ್ಚಲು: ಕಡಿಮೆ ಖರ್ಚಿನಲ್ಲಿ ಚೊಕ್ಕಟ ಮತ್ತು ಚೆಂದ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಅಡಿಕೆ ಬೆಳೆಗಾರರು ತೋಟದ ವಿಷಯದಲ್ಲಿ ಬಹಳ ಎಚ್ಚರದವರು. ಮಳೆಗಾಲಕ್ಕೆ ಮುನ್ನ ಬಸಿಗಾಲುವೆ ಬಿಡಿಸುತ್ತಾರೆ, ಕೊಳೆರೋಗಕ್ಕೆ ಹೊತ್ತು ಮೀರದಂತೆ ಬೋರ್ಡೊ ದ್ರಾವಣ ಸಿಂಪಡಿಸುತ್ತಾರೆ, ಅಂಗಳಕ್ಕೆ ಕಾಂಕ್ರೀಟು ಹಾಕಿಸುತ್ತಾರೆ, ಜಗಲಿಗೆ ಬಣ್ಣ ಬಳಿಸುತ್ತಾರೆ. ಆದರೆ ಮನೆಯ ಹಿಂಬದಿಯಲ್ಲಿ ಹಟ್ಟಿಯ ಪಕ್ಕಕ್ಕೆ ಇರುವ ಬಚ್ಚಲು ಕೊಟ್ಟಿಗೆಯ ಕಡೆಗೆ ಈ ಎಚ್ಚರ ಹೋಗುವುದು ಕಡಿಮೆ. ತುಳುವರು 'ಬೆಂದ್ರ್ ಕೊಟ್ಯ' ಎಂದು ಕರೆಯುವ ಈ ಕೋಣೆ ಎಷ್ಟೋ ಮನೆಗಳಲ್ಲಿ ಈಗಲೂ ಕತ್ತಲೆಯದು. ಗೋಡೆಗೆ ಮಸಿ, ನೆಲಕ್ಕೆ ಪಾಚಿ, ಹೊರಗೆ ನೀರು ಹೋಗುವಲ್ಲಿ ಕೆಸರು ಮತ್ತು ಸೊಳ್ಳೆ.

ಮನೆಮಂದಿಯೆಲ್ಲ ದಿನಕ್ಕೆ ಒಂದು ಬಾರಿಯಾದರೂ ಕಾಲಿಡುವ ಸ್ಥಳವಿದು. ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವುದು ಹೆಚ್ಚಾಗಿ ಇಂತಹ ಜಾಗದಲ್ಲಿಯೇ. ನಸುಕಿನಲ್ಲಿ ಎದ್ದು ಒಲೆ ಹೊತ್ತಿಸುವ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳಿಗೆ ಹೊಗೆ ತಟ್ಟುವುದೂ ಇಲ್ಲಿಯೇ. ಆದುದರಿಂದ ಬಚ್ಚಲನ್ನು ಹಸನು ಮಾಡುವುದೆಂದರೆ ಬರಿಯ ಅಲಂಕಾರದ ಮಾತಲ್ಲ. ಇದಕ್ಕೆ ಪೇಟೆಯ ಮನೆಗಳ ಹಾಗೆ ದುಬಾರಿ ಟೈಲ್ಸು, ಹೊಳೆಯುವ ನಲ್ಲಿಗಳೇ ಬೇಕೆಂದಿಲ್ಲ. ಸುಣ್ಣ, ಕಾವಿ, ಗಾಜಿನ ಹಂಚು, ಎರಡು ಮೂರು ಚೀಲ ಸಿಮೆಂಟು ಮತ್ತು ಮನೆಯವರ ಕೆಲವು ದಿನಗಳ ದುಡಿಮೆ ಸಾಕಾಗುತ್ತದೆ. ಮುಖ್ಯವಾದುದು ಕೆಲಸದ ಕ್ರಮ.

ಕ್ರಮ ತಪ್ಪಿದರೆ ಖರ್ಚು ವ್ಯರ್ಥ

ಅನೇಕರು ಮೊದಲು ಬಣ್ಣದ ಡಬ್ಬ ತರುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಗುಳ್ಳೆ ಎದ್ದು ಹಾಳೆ ಹಾಳೆಯಾಗಿ ಕಳಚುತ್ತದೆ. 'ಬಣ್ಣ ಕಳಪೆ' ಎಂದು ಅಂಗಡಿಯವನನ್ನು ದೂರುವುದುಂಟು. ಆದರೆ ದೋಷ ಗೋಡೆಯೊಳಗಿನ ನೀರಿನದು.

ನಮ್ಮ ಮನೆಗಳ ಗೋಡೆ ಹೆಚ್ಚಾಗಿ ಮುರಕಲ್ಲಿನದು. ಈ ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಆದರೂ ಅದರ ಮೈತುಂಬ ಸಣ್ಣ ತೂತುಗಳಿರುತ್ತವೆ. ಬುಡದಲ್ಲಿ ನೀರು ನಿಂತರೆ ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ ಕಲ್ಲು ನೀರನ್ನು ಮೇಲಕ್ಕೆ ಎಳೆಯುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಪ್ರದೇಶದಲ್ಲಿ ಗೋಡೆ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಅದರ ಮೇಲೆ ಎಣ್ಣೆ ಬಣ್ಣ ಬಳಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಬಣ್ಣವನ್ನೇ ತಳ್ಳುತ್ತದೆ.

ಆದುದರಿಂದ ಕೆಲಸದ ಕ್ರಮ ಹೀಗಿರತಕ್ಕದ್ದು:

1. ನೀರು ಹೊರಹೋಗುವ ದಾರಿ
2. ನೆಲ
3. ಒಲೆ ಮತ್ತು ಹೊಗೆ
4. ಬೆಳಕು ಮತ್ತು ಗಾಳಿ
5. ಗೋಡೆ
6. ಅಲಂಕಾರ

ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲ ಎರಡನ್ನು ಈ ವರ್ಷ, ಉಳಿದವನ್ನು ಮುಂದಿನ ವರ್ಷ ಮಾಡಿಕೊಳ್ಳಬಹುದು. ಕ್ರಮವನ್ನು ಮಾತ್ರ ಬದಲಿಸಬಾರದು.

ನೀರಿಗೆ ದಾರಿ

ಮೊದಲು ಒಂದು ಪರೀಕ್ಷೆ ಮಾಡಿ ನೋಡಬೇಕು. ಬಚ್ಚಲಿನ ಎಲ್ಲ ಮೂಲೆಗಳಿಗೂ ಒಂದೊಂದು ಬಾಲ್ದಿ ನೀರು ಸುರಿದು ಹತ್ತು ನಿಮಿಷ ಬಿಟ್ಟು ನೋಡಿರಿ. ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿರಿ. ಬಳಿಕ ಹೊರಗೆ ಬಂದು ಆ ನೀರು ಎಲ್ಲಿಗೆ ಹೋಗಿ ಸೇರಿತು ಎಂಬುದನ್ನು ನೋಡಿರಿ. ಗೋಡೆಯ ಬುಡದಲ್ಲಿಯೇ ಇಂಗುತ್ತಿದ್ದರೆ ಮೊದಲ ಕೆಲಸ ಅಲ್ಲಿಂದಲೇ ಆರಂಭವಾಗಬೇಕು. ಗೋಡೆಯಿಂದ ಕನಿಷ್ಠ ಹತ್ತು ಅಡಿ ದೂರದವರೆಗೆ ನೀರನ್ನು ಪೈಪಿನಲ್ಲಿ ಅಥವಾ ಸಿಮೆಂಟಿನ ಚರಂಡಿಯಲ್ಲಿ ಒಯ್ಯಬೇಕು.

ಐದು ಮಂದಿಯ ಮನೆಯಲ್ಲಿ ಸ್ನಾನ ಮತ್ತು ಬಟ್ಟೆ ಒಗೆತದಿಂದ ದಿನಕ್ಕೆ 200 ಲೀಟರಿನಷ್ಟು ನೀರು ಹೊರಬೀಳುತ್ತದೆ ಎಂದು ಇಟ್ಟುಕೊಳ್ಳೋಣ. ಬೇಸಗೆಯಲ್ಲಿ ಒಂದು ಬಾಳೆಗಿಡಕ್ಕೆ ದಿನಕ್ಕೆ ಸುಮಾರು 15ರಿಂದ 20 ಲೀಟರ್ ನೀರು ಬೇಕು. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ಕೊಡುವ ಪ್ರಮಾಣವೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಸೊಳ್ಳೆ ಸಾಕುತ್ತಿರುವ ಆ ಕೆಸರಿನಿಂದ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ಹತ್ತು ಬಾಳೆಗಿಡಗಳನ್ನು ಉಳಿಸಿಕೊಳ್ಳಬಹುದು. ಬಾವಿಯ ತಳ ಕಾಣುವ ದಿನಗಳಲ್ಲಿ ಇದು ಸಣ್ಣ ಲಾಭವಲ್ಲ.

ಇದಕ್ಕೆ ಮಾಡಬೇಕಾದ ಏರ್ಪಾಡು ಸರಳವಾದುದು. ಪೈಪಿನ ತುದಿಯಲ್ಲಿ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ಮಾಡಿ, ಅಡಿಯಲ್ಲಿ ದಪ್ಪ ಜಲ್ಲಿ, ನಡುವೆ ಸಣ್ಣ ಜಲ್ಲಿ, ಮೇಲೆ ದಪ್ಪ ಮರಳು ತುಂಬಿರಿ. ಕೂದಲು, ಸೋಪಿನ ಜಿಡ್ಡು ಮರಳಿನ ಮೇಲೆಯೇ ಉಳಿಯುತ್ತದೆ. ತಿಂಗಳಿಗೊಮ್ಮೆ ಮೇಲಿನ ಪದರವನ್ನು ಕೆರೆದು ತೆಗೆದು ಹೊಸ ಮರಳು ಹಾಕಬೇಕು. ಗುಂಡಿಯ ಕೆಳಭಾಗದಿಂದ ಹೊರಡುವ ನೀರನ್ನು ಬಾಳೆಯ ಸಾಲಿಗೆ ಹರಿಯಬಿಡಬಹುದು. ಗುಂಡಿಯ ಸುತ್ತ ಕೆಸು ಮತ್ತು ಕಾಬಾಳೆ ನೆಟ್ಟರೆ ಅವು ತೇವವನ್ನು ಹೀರುತ್ತವೆ. ಕೆಸುವಿನ ಎಲೆ ಪತ್ರೊಡೆಗೆ ಬರುತ್ತದೆ, ಕಾಬಾಳೆಯ ಕೆಂಪು ಹಳದಿ ಹೂವು ಹಿತ್ತಲಿಗೆ ಶೋಭೆ ಕೊಡುತ್ತದೆ. ಬಚ್ಚಲಿನ ಅಲಂಕಾರವು ಹೀಗೆ ಹೊರಗಿನಿಂದಲೇ ಆರಂಭವಾಗುತ್ತದೆ.

ಈ ನೀರಿನ ಬಳಕೆಯಲ್ಲಿ ಗಮನಿಸಬೇಕಾದ ಅಂಶಗಳು:

(ಅ) ಬಟ್ಟೆ ಒಗೆಯುವ ಪುಡಿಗಳಲ್ಲಿ ಸೋಡಿಯಂ ಲವಣಗಳಿರುತ್ತವೆ. ಒಂದೇ ಬುಡಕ್ಕೆ ವರ್ಷಪೂರ್ತಿ ಬಿಟ್ಟರೆ ಮಣ್ಣಿನ ಕಣಗಳು ಬಿಗಿದು ನೀರು ಇಂಗದಂತಾಗುತ್ತದೆ. ವಾರಕ್ಕೊಮ್ಮೆ ಸಾಲು ಬದಲಿಸಬೇಕು. ನಮ್ಮಲ್ಲಿನ ಭಾರಿ ಮಳೆ ಈ ಲವಣವನ್ನು ತೊಳೆದು ಒಯ್ಯುವುದು ನಮ್ಮ ಅನುಕೂಲ.

(ಆ) ಮಳೆಗಾಲದಲ್ಲಿ ಈ ನೀರು ತೋಟಕ್ಕೆ ಬೇಡ. ಅಡಿಕೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆ ಕಾಲದಲ್ಲಿ ನೀರನ್ನು ಇಂಗುಗುಂಡಿಗೆ ತಿರುಗಿಸುವಂತೆ ಇನ್ನೊಂದು ಬಾಯಿ ಇಟ್ಟುಕೊಂಡು, ಬೇಡದ ಬಾಯಿಗೆ ಮರದ ಬಿರಡೆ ಹಾಕಬೇಕು.

(ಇ) ಇಂಗುಗುಂಡಿ ಬಾವಿಯಿಂದ 50 ಅಡಿಯಾದರೂ ದೂರ, ಸಾಧ್ಯವಿದ್ದಷ್ಟೂ ತಗ್ಗಿನ ಕಡೆಗೆ ಇರಬೇಕು. ಮುರಕಲ್ಲಿನ ತೂತುಗಳಲ್ಲಿ ನೀರು ಬೇಗನೆ ಹರಿಯುವುದರಿಂದ ಈ ವಿಷಯದಲ್ಲಿ ಸಡಿಲು ಸಲ್ಲದು.

(ಈ) ಪಾಯಿಖಾನೆಯ ನೀರನ್ನು ಇದರೊಂದಿಗೆ ಸೇರಿಸಕೂಡದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೂ ಈ ನೀರು ಬೇಡ.

(ಉ) ಔಷಧಿ ಸಿಂಪಡಿಸಿ ಬಂದವರ ಬಟ್ಟೆಯನ್ನು ಉಳಿದ ಬಟ್ಟೆಗಳಿಂದ ಬೇರೆಯಾಗಿಯೇ ಒಗೆಯಬೇಕು. ಆ ನೀರನ್ನು ತರಕಾರಿಗಾಗಲಿ ಬಾವಿಯ ಬದಿಗಾಗಲಿ ಬಿಡಬಾರದು.

ಜಾರದ ನೆಲ

ಕೆಂಪು ಕಾವಿಯ ಸಿಮೆಂಟು ನೆಲ ನಮ್ಮ ಕಡೆಯ ಹಳೆಯ ಮನೆಗಳ ಹೆಮ್ಮೆ. ಜಗಲಿಯಲ್ಲಿ ಕನ್ನಡಿಯಂತೆ ಹೊಳೆಯುವ ಆ ನೆಲವನ್ನು ಬಚ್ಚಲಿಗೂ ಹಾಕಿಸಬೇಕೆಂಬ ಆಸೆ ಸಹಜ. ಬಣ್ಣ ಅದೇ ಇರಲಿ, ಹೊಳಪು ಮಾತ್ರ ಬೇಡ. ನೀರು ಮತ್ತು ಸೋಪು ಬಿದ್ದ ನಯವಾದ ನೆಲದಲ್ಲಿ ಹರೆಯದವರೂ ಕಾಲೂರಿ ನಿಲ್ಲಲಾರರು. ನುಣುಪಾದ ಟೈಲ್ಸಿಗೂ ಇದೇ ಮಾತು.

ಹಳೆಯ ನೆಲದ ಇಳಿಜಾರು ಸರಿಯಿಲ್ಲದಿದ್ದರೆ ಅದರ ಮೇಲೆಯೇ ಹೊಸ ಪದರ ಹಾಕಬಹುದು. ಮೊದಲು ಉಳಿಯಿಂದ ನೆಲವನ್ನು ಅಲ್ಲಲ್ಲಿ ಕಚ್ಚು ಮಾಡಿ, ಪಾಚಿ ಮತ್ತು ಜಿಡ್ಡನ್ನು ಉಜ್ಜಿ ತೆಗೆದು, ಒಂದು ರಾತ್ರಿ ನೀರಿನಲ್ಲಿ ನೆನೆಯಿಸಿ, ಸಿಮೆಂಟಿನ ತೆಳುವಾದ ಹಾಲನ್ನು ಬಳಿಯಬೇಕು. ಅದು ಒಣಗುವ ಮೊದಲೇ ಒಂದು ಪಾಲು ಸಿಮೆಂಟು, ಮೂರು ಪಾಲು ಮರಳಿನ ಗಾರೆಯನ್ನು ಕನಿಷ್ಠ ಒಂದು ಅಂಗುಲ ದಪ್ಪಕ್ಕೆ ಹಾಕಬೇಕು. ಮರಳಿನಲ್ಲಿ ಉಪ್ಪು ಇರಬಾರದು. ಎಂ-ಸ್ಯಾಂಡ್ ಆದರೂ ಆಗುತ್ತದೆ.

ಇಳಿಜಾರು ಪ್ರತಿ 4 ಅಡಿಗೆ 1 ಅಂಗುಲದಂತೆ ಇರಲಿ. 8 ಅಡಿ ಉದ್ದದ ಬಚ್ಚಲಾದರೆ ನೀರು ಹೋಗುವ ತುದಿ ಇನ್ನೊಂದು ತುದಿಗಿಂತ 2 ಅಂಗುಲ ತಗ್ಗಿರಬೇಕು. ಬಣ್ಣ ಬೇಕಾದವರು ಮೇಲಿನ ತೆಳು ಪದರದ ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಬಹುದು. ಆದರೆ ಅದು ಸಿಮೆಂಟಿನ ತೂಕದ ಹತ್ತನೇ ಒಂದು ಪಾಲನ್ನು ಮೀರಕೂಡದು. ಮೀರಿದರೆ ಪದರ ಬಲವಿಲ್ಲದೆ ಪುಡಿಯಾಗಿ ಏಳುತ್ತದೆ.

ಪದರ ಬಿಗಿಯುತ್ತ ಬರುವಾಗ ಗಟ್ಟಿ ಹಿಡಿಸೂಡಿಯಿಂದ ನೀರು ಹೋಗುವ ಬಾಯಿಯ ದಿಕ್ಕಿಗೆ ಗೆರೆ ಎಳೆಯಿರಿ. ಅಡ್ಡಗೆರೆ ಎಳೆದರೆ ಅದರಲ್ಲಿ ಸೋಪಿನ ಜಿಡ್ಡು ನಿಂತು ಮತ್ತೆ ಪಾಚಿಗೆ ದಾರಿಯಾಗುತ್ತದೆ. ಅನಂತರ ಹತ್ತು ದಿನ ನೆಲದ ಮೇಲೆ ಒದ್ದೆ ಗೋಣಿ ಹಾಸಿ ತೇವ ಆರದಂತೆ ನೋಡಿಕೊಳ್ಳಬೇಕು. ಈ ಹತ್ತು ದಿನದ ತಾಳ್ಮೆಯೇ ನೆಲದ ಆಯುಷ್ಯವನ್ನು ನಿಶ್ಚಯಿಸುತ್ತದೆ. ಕಲ್ಲು ಹಾಸುವವರು ಹೊಳಪು ಕೊಟ್ಟ ಕಲ್ಲನ್ನು ಬಿಟ್ಟು, ಉಳಿಯಿಂದ ಒರಟಾಗಿ ಕೆತ್ತಿದ ಕರಿಕಲ್ಲನ್ನು ಆರಿಸಬೇಕು.

ವಯಸ್ಸಾದವರಿರುವ ಮನೆಯಲ್ಲಿ ಇನ್ನೆರಡು ಅನುಕೂಲ ಅಗತ್ಯ. ಒಂದು, ಕುಳಿತು ಸ್ನಾನ ಮಾಡಲು ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ. ಇನ್ನೊಂದು, ಎದ್ದು ನಿಲ್ಲುವಾಗ ಹಿಡಿಯಲು ಎರಡೂವರೆ ಅಡಿ ಎತ್ತರದಲ್ಲಿ ಗೋಡೆಗೆ ಕಬ್ಬಿಣದ ಪೈಪು. ಮುರಕಲ್ಲಿಗೆ ಬರಿಯ ಸ್ಕ್ರೂ ಹೊಡೆದರೆ ಭಾರಕ್ಕೆ ಕಿತ್ತು ಬರುತ್ತದೆ. ಗೋಡೆಯಲ್ಲಿ ಐದು ಅಂಗುಲ ಆಳದ ಗುಳಿ ತೆಗೆದು, ಪೈಪಿನ ಕಾಲನ್ನು ಅದರಲ್ಲಿಟ್ಟು ಕಾಂಕ್ರೀಟು ತುಂಬಬೇಕು. ವಾರದವರೆಗೆ ಯಾರೂ ಅದನ್ನು ಹಿಡಿಯಬಾರದು.

ಒಲೆ ಮತ್ತು ಹೊಗೆ

ಗೋಡೆ ಕಪ್ಪಾಗುವುದಕ್ಕೆ ಕಾರಣ ಒಲೆ. ಅದನ್ನು ಸರಿಪಡಿಸದೆ ಸುಣ್ಣ ಬಳಿದರೆ ಎರಡು ತಿಂಗಳಲ್ಲಿ ಮತ್ತೆ ಮಸಿ. ಹೊಗೆ ಎಂದರೆ ಪೂರ್ತಿ ಉರಿಯದೆ ಹೊರಬಿದ್ದ ಕಟ್ಟಿಗೆಯೇ. ಹೊಗೆ ಹೆಚ್ಚಾದಷ್ಟೂ ಸೌದೆ ನಷ್ಟ.

ಒಂದು ಸಣ್ಣ ಲೆಕ್ಕ ನೋಡೋಣ. ಐದು ಮಂದಿಗೆ ತಲಾ 20 ಲೀಟರಿನಂತೆ 100 ಲೀಟರ್ ನೀರನ್ನು 27 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು 1,800 ಕಿಲೋ ಕ್ಯಾಲೊರಿ ಶಾಖ ಬೇಕು. ಒಣ ಕಟ್ಟಿಗೆ ಕಿಲೋ ಒಂದಕ್ಕೆ ಸುಮಾರು 3,600 ಕಿಲೋ ಕ್ಯಾಲೊರಿ ಕೊಡುತ್ತದೆ ಎಂದಿಟ್ಟುಕೊಂಡರೆ, ಶಾಖವೆಲ್ಲ ನೀರಿಗೇ ಹೋದಲ್ಲಿ ಅರ್ಧ ಕಿಲೋ ಸಾಕು. ತೆರೆದ ಒಲೆಯಲ್ಲಿ ಹತ್ತನೇ ಒಂದು ಪಾಲು ಮಾತ್ರ ನೀರಿಗೆ ಸೇರಿದರೆ 5 ಕಿಲೋ ಉರಿಸಬೇಕು. ಸುಧಾರಿಸಿದ ಒಲೆಯಲ್ಲಿ ನಾಲ್ಕನೇ ಒಂದು ಪಾಲು ಸೇರಿದರೆ 2 ಕಿಲೋ ಸಾಕು. ದಿನಕ್ಕೆ 3 ಕಿಲೋ ಉಳಿತಾಯವೆಂದರೆ ವರ್ಷಕ್ಕೆ ಒಂದು ಟನ್ನಿಗೂ ಮೇಲೆ.

ಈ ಉಳಿತಾಯ ಎಲ್ಲಿಗೆ ಸೇರಬೇಕು? ವಿಟ್ಲದಲ್ಲಿರುವ ಅಡಿಕೆ ಸಂಶೋಧನಾ ಕೇಂದ್ರ 1956ರಲ್ಲಿ ಆರಂಭವಾದುದು. ಈಗ ಅದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ. ಒಂದು ಹೆಕ್ಟೇರ್ ಅಡಿಕೆ ತೋಟದಿಂದ ವರ್ಷಕ್ಕೆ ಸುಮಾರು 5.5ರಿಂದ 6 ಟನ್ ಸೋಗೆ, ಹಾಳೆ, ಸಿಪ್ಪೆ ಮೊದಲಾದ ಉಳಿಕೆ ದೊರೆಯುತ್ತದೆಂದೂ ಅದನ್ನು ಎರೆಗೊಬ್ಬರ ಮಾಡಬಹುದೆಂದೂ ಈ ಸಂಸ್ಥೆ ತೋರಿಸಿಕೊಟ್ಟಿದೆ. ಹಂಡೆಯ ಕೆಳಗೆ ಉರಿದು ಹೋಗುವುದರಲ್ಲಿ ದೊಡ್ಡ ಪಾಲು ಈ ಗೊಬ್ಬರವೇ. ಒಲೆ ಸುಧಾರಿಸಿದರೆ ಸೋಗೆ ತೋಟದಲ್ಲಿಯೇ ಉಳಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು ಹಳ್ಳಿಯ ಒಲೆಗಳನ್ನು ಅಭ್ಯಾಸ ಮಾಡಿ ರೂಪಿಸಿದ 'ಅಸ್ತ್ರ ಒಲೆ' ನಮ್ಮ ರಾಜ್ಯದಲ್ಲಿ ಮನೆಮಾತಾಯಿತು. ಅದು ಅಡುಗೆಯ ಒಲೆ. ಆದರೆ ಅದರ ತತ್ವಗಳು ಹಂಡೆಯ ಒಲೆಗೂ ಹೊಂದುತ್ತವೆ:

* ಕಟ್ಟಿಗೆಯ ಅಡಿಯಲ್ಲಿ ಕಬ್ಬಿಣದ ಸರಳುಗಳ ಜಾಲರಿ ಇರಬೇಕು. ಗಾಳಿ ಕೆಳಗಿನಿಂದ ಬಂದರೆ ಉರಿ ಚೊಕ್ಕವಾಗುತ್ತದೆ, ಬೂದಿ ಕೆಳಗೆ ಬೀಳುತ್ತದೆ.
* ಹಂಡೆ ಮತ್ತು ಒಲೆಯ ಗೋಡೆಯ ನಡುವೆ ಸುಮಾರು ಒಂದು ಅಂಗುಲ ಮಾತ್ರ ಸಂದು ಬಿಡಬೇಕು. ಬಿಸಿ ಹೊಗೆ ಹಂಡೆಯ ಮೈಯನ್ನು ಸವರಿಕೊಂಡು ಮೇಲೇರುವಂತಾಗಬೇಕು.
* ಹಂಡೆಯ ಕೊರಳಿನ ಸುತ್ತ ಮಣ್ಣು ಮೆತ್ತಿ ಮುಚ್ಚಿ, ಹೊಗೆಯನ್ನು ಹಿಂಬದಿಯ ಕೊಳವೆಯಿಂದ ಮಾಡಿನ ಮೇಲಕ್ಕೆ ಒಯ್ಯಬೇಕು. ಆಸ್ಬೆಸ್ಟಾಸ್ ಕೊಳವೆಯ ನಾರು ಶ್ವಾಸಕೋಶಕ್ಕೆ ಕೆಡುಕು. ಇಟ್ಟಿಗೆ ಅಥವಾ ತಗಡಿನ ಕೊಳವೆ ಲೇಸು.
* ಅನುಕೂಲವಿದ್ದರೆ ಒಲೆಯ ಬಾಯಿಯನ್ನು ಗೋಡೆಯ ಹೊರಬದಿಗೆ ಇಟ್ಟು ಅಲ್ಲಿಯೇ ಬೆಂಕಿ ಹಾಕಬೇಕು. ಹಂಡೆ ಒಳಗೆ, ಹೊಗೆ ಮತ್ತು ಬೂದಿ ಹೊರಗೆ. ಹೊರಗೆ ಮಳೆ ತಡೆಯಲು ಸಣ್ಣ ಮಾಡು ಇಳಿಸಿದರಾಯಿತು.

ಹಂಡೆಯ ತಳದ ಮಸಿಯನ್ನು ತಿಂಗಳಿಗೊಮ್ಮೆ ಕೆರೆಯಬೇಕು. ದಪ್ಪ ಮಸಿ ಶಾಖವನ್ನು ತಡೆಯುತ್ತದೆ. ಮುಚ್ಚಳವಿಲ್ಲದ ಹಂಡೆ ಇಡಬಾರದು. ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶವಿದ್ದು ನಮ್ಮ ಹುಳಿ ಮಣ್ಣಿಗೆ ಒಳ್ಳೆಯದು. ಆದರೆ ಮಳೆಗೆ ನೆನೆದ ಬೂದಿಯಿಂದ ಪೊಟ್ಯಾಷ್ ತೊಳೆದುಹೋಗುತ್ತದೆ. ಒಣ ಡಬ್ಬದಲ್ಲಿ ಕೂಡಿಟ್ಟು ತೆಂಗು, ಬಾಳೆ, ತರಕಾರಿಗಳಿಗೆ ಹಾಕಬೇಕು. ಯೂರಿಯಾ ಜೊತೆಗೆ ಬೆರೆಸಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಪ್ಲಾಸ್ಟಿಕ್ ಉರಿಸಿದ ಒಲೆಯ ಬೂದಿ ಗಿಡಕ್ಕೆ ಬೇಡ. ಮೊದಲಾಗಿ ಪ್ಲಾಸ್ಟಿಕ್ ಉರಿಸುವುದೇ ಬೇಡ.

ಮೂಡುಬಿದಿರೆಯ ಕಡೆಯ ಒಬ್ಬ ಹಿರಿಯ ಗೃಹಿಣಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಹೇಳಬೇಕು: "ಸೋಲಾರ್ ಹಾಕಿಸಿದರೆ ಹಂಡೆ ತೆಗೆಯಬಹುದಾ ಸಾರ್?" ಬಿಸಿಲಿರುವ ತಿಂಗಳುಗಳಲ್ಲಿ ಸೋಲಾರ್ ನೀರು ಕಾಯಿಸುವ ಸಾಧನ ಬಹಳ ಉಪಯುಕ್ತ, ಸೌದೆಯ ಕೆಲಸವನ್ನೇ ತಪ್ಪಿಸುತ್ತದೆ. ಆದರೆ ಬಿಸಿನೀರು ಹೆಚ್ಚು ಬೇಕಾಗುವುದು ಜೂನಿನಿಂದ ಸೆಪ್ಟೆಂಬರ್‌ವರೆಗೆ. ಆಗ ಘಟ್ಟದ ಬುಡದ ಊರುಗಳಲ್ಲಿ ದಿನಗಟ್ಟಲೆ ಬಿಸಿಲು ಕಾಣದು. ಆದುದರಿಂದ ಎರಡೂ ಇರಲಿ ಎಂಬುದೇ ಸರಿಯಾದ ಉತ್ತರ.

ಬೆಳಕು ಮತ್ತು ಗಾಳಿ

ಇದು ಎಲ್ಲಕ್ಕಿಂತ ಅಗ್ಗದ ಸುಧಾರಣೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಮ್ಮ ಜಿಲ್ಲೆಯ ಮಾಡುಗಳಿಗೆ ಹಂಚು ಬಂದಿತು. ಅದೇ ಅಳತೆಯ ಗಾಜಿನ ಹಂಚು ಅಂಗಡಿಗಳಲ್ಲಿ ದೊರೆಯುತ್ತದೆ. ಬಚ್ಚಲಿನ ಮಾಡಿನಲ್ಲಿ ಎರಡು ಮಣ್ಣಿನ ಹಂಚು ತೆಗೆದು ಗಾಜಿನದನ್ನು ಕೂರಿಸಲು ಹತ್ತು ನಿಮಿಷ ಸಾಕು. ಮೂಡಣ ದಿಕ್ಕಿನ ಇಳಿಜಾರಿನಲ್ಲಿ ಕೂರಿಸಿದರೆ ಬೆಳಗಿನ ಬಿಸಿಲು ನೆಲಕ್ಕೆ ಬೀಳುತ್ತದೆ. ಬಿಸಿಲು ಬಿದ್ದಲ್ಲಿ ನೆಲ ಬೇಗ ಒಣಗುತ್ತದೆ, ಜಾರುವ ಜಾಗ ದೂರದಿಂದಲೇ ಕಾಣುತ್ತದೆ.

ಗಾಳಿಗೆ ಗೋಡೆಯ ಮೇಲ್ಭಾಗದಲ್ಲಿ ಎದುರುಬದುರಾಗಿ ಎರಡು ಸಿಮೆಂಟಿನ ಜಾಲಿ ಇರಿಸಬೇಕು. ಒಂದೇ ಇದ್ದರೆ ಗಾಳಿ ಆಡುವುದಿಲ್ಲ. ಬಾಗಿಲಿನ ಕೆಳಗೆ ಎರಡು ಅಂಗುಲ ಸಂದು ಬಿಟ್ಟರೆ ತಣ್ಣನೆಯ ಗಾಳಿ ಅಲ್ಲಿಂದ ಒಳಬಂದು, ಹಬೆ ಜಾಲಿಯಿಂದ ಹೊರಹೋಗುತ್ತದೆ. ಮರದ ಬಾಗಿಲಿನ ಕೆಳಗಿನ ಒಂದು ಅಡಿ ಬೇಗ ಲಡ್ಡಾಗುವುದರಿಂದ ಅಲ್ಲಿಗೆ ಒಳಬದಿಯಲ್ಲಿ ಅಲ್ಯುಮಿನಿಯಂ ತಗಡು ಹೊಡೆಯಬೇಕು.

ಗೋಡೆ: ಸುಣ್ಣವೇ ಲೇಸು

ನೀರು ತಾಗುವ ನಾಲ್ಕು ಅಡಿ ಎತ್ತರದವರೆಗೆ ಸಿಮೆಂಟು ಗಾರೆ ಅಥವಾ ಟೈಲ್ಸು, ಅದರಿಂದ ಮೇಲೆ ಸುಣ್ಣ. ಇದು ನಮ್ಮ ಹವೆಗೆ ಹೊಂದುವ ಏರ್ಪಾಡು. ಅಂಗಡಿಗಳಲ್ಲಿ ಉಳಿದ ಬೇರೆ ಬೇರೆ ಬಣ್ಣದ ಟೈಲ್ಸು ಮತ್ತು ಒಡೆದ ಚೂರುಗಳು ಅಗ್ಗಕ್ಕೆ ದೊರೆಯುತ್ತವೆ. ಅವನ್ನು ಚಿತ್ತಾರದಂತೆ ಜೋಡಿಸಿ ಗಾರೆಯಲ್ಲಿ ಒತ್ತಿದರೆ ಒಳ್ಳೆಯ ನೋಟ ಬರುತ್ತದೆ. ಚೂರುಗಳ ಹರಿತ ಅಂಚು ಹೊರಗೆ ಉಳಿಯದಂತೆ ಸಿಮೆಂಟು ತುಂಬಬೇಕು.

ಸುಣ್ಣವು ಗೋಡೆಯ ಉಸಿರನ್ನು ಕಟ್ಟುವುದಿಲ್ಲ. ಒಳಗಿನ ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಅದರ ಕ್ಷಾರ ಗುಣದಿಂದ ಬೂಷ್ಟು ಬೇಗ ಹಿಡಿಯದು. ಬೋರ್ಡೊ ದ್ರಾವಣಕ್ಕೆಂದು ತರುವ ಒಳ್ಳೆಯ ಸುಟ್ಟ ಸುಣ್ಣವೇ ಗೋಡೆಗೂ ಉತ್ತಮ. ಸಿಂಪಡಣೆಯ ಕಾಲದಲ್ಲಿ ನಾಲ್ಕೈದು ಕಿಲೋ ಹೆಚ್ಚಿಗೆ ತಂದು ಗಾಳಿಯಾಡದ ಡಬ್ಬದಲ್ಲಿ ಕಟ್ಟಿಡಬಹುದು. ಗಾಳಿಗೆ ತೆರೆದಿಟ್ಟ ಸುಣ್ಣ ಹುಡಿಯಾಗಿ ಸತ್ವ ಕಳೆದುಕೊಳ್ಳುತ್ತದೆ.

ವಿಧಾನ: ಒಂದು ಕಿಲೋ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು ಬೇಕು. ಮಣ್ಣಿನ ಮಡಕೆ ಅಥವಾ ಸಿಮೆಂಟಿನ ತೊಟ್ಟಿಯಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಸುಣ್ಣ ಅರಳಿಸಿ, ಉಳಿದ ನೀರು ಸೇರಿಸಿ, ಒಂದು ದಿನ ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಬೇಕು. ಅರಳುವಾಗ ಸುಣ್ಣ ಕುದಿದು ಸಿಡಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡಬಾರದು, ಕಣ್ಣಿಗೆ ಕನ್ನಡಕ ಇರಬೇಕು. ಬಳಿಯುವ ಮುನ್ನ ಮಸಿ ಮತ್ತು ಹಳೆಯ ಬಣ್ಣವನ್ನು ಕೆರೆದು ಗೋಡೆಗೆ ನೀರು ಚಿಮುಕಿಸಬೇಕು. ತೆಳುವಾಗಿ ಮೂರು ಬಾರಿ, ಒಂದು ಆರಿದ ಮೇಲೆ ಇನ್ನೊಂದರಂತೆ ಬಳಿಯಬೇಕು. ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ಸಮಯ ಬೇಕು. ದಪ್ಪಗೆ ಒಮ್ಮೆಲೇ ಬಳಿದರೆ ಬಿರುಕು ಬಿಟ್ಟು ಕೈಗೆ ಅಂಟುತ್ತದೆ.

ಬಿಳುಪು ಎದ್ದು ಕಾಣಲು ಕಿಲೋ ಸುಣ್ಣಕ್ಕೆ 3 ಗ್ರಾಂ ಮೀರದಂತೆ ನೀಲಿ ಸೇರಿಸಬಹುದು. ಅಂಟಿಗೆಂದು ಗಂಜಿ ತಿಳಿ ಹಾಕುವ ರೂಢಿ ಉಂಟು. ಒಣ ಕೋಣೆಗೆ ಅದು ಅಡ್ಡಿಯಿಲ್ಲ. ಬಚ್ಚಲಿಗೆ ಮಾತ್ರ ಬೇಡ, ಗಂಜಿ ಬೂಷ್ಟಿಗೆ ಆಹಾರ.

ಅಲಂಕಾರ

ಇಲ್ಲಿಯವರೆಗಿನ ಕೆಲಸ ಮುಗಿದರೆ ಬಚ್ಚಲು ಅರ್ಧ ಚೆಂದವಾಗಿಯೇ ಇರುತ್ತದೆ. ಉಳಿದರ್ಧವನ್ನು ಮನೆಯ ಹೆಣ್ಣುಮಕ್ಕಳು ಮತ್ತು ಶಾಲೆಯ ಮಕ್ಕಳು ಸೇರಿ ರಜೆಯ ಎರಡು ದಿನಗಳಲ್ಲಿ ಮಾಡಬಹುದು.

ಕಾವಿಯ ಪಟ್ಟಿ: ಕರಾವಳಿಯ ಹಳೆಯ ದೇವಾಲಯಗಳಲ್ಲಿ ಬಿಳಿ ಗಾರೆಯ ಮೇಲೆ ಕೆಂಪು ಕಾವಿಯ ಚಿತ್ರಗಳನ್ನು ನೋಡಿರಬಹುದು. ಅದೇ ಎರಡು ಬಣ್ಣ ಬಚ್ಚಲಿಗೂ ಒಪ್ಪುತ್ತದೆ. ಗಾರೆ ಮುಗಿದು ಸುಣ್ಣ ಆರಂಭವಾಗುವಲ್ಲಿ ಆರು ಅಂಗುಲ ಅಗಲದ ಪಟ್ಟಿ ಎಳೆದು, ರಟ್ಟಿನಲ್ಲಿ ಬಳ್ಳಿ ಅಥವಾ ಹೂವಿನ ಅಚ್ಚು ಕತ್ತರಿಸಿ, ಸುಣ್ಣದ ತಿಳಿಯಲ್ಲಿ ಕಲಸಿದ ಕಾವಿಯನ್ನು ಬಟ್ಟೆಯ ಉಂಡೆಯಿಂದ ಒತ್ತಿರಿ. ಕೊನೆಯ ಸುಣ್ಣ ಇನ್ನೂ ಹಸಿಯಿರುವಾಗ ಒತ್ತಿದರೆ ಬಣ್ಣ ಗೋಡೆಯೊಂದಿಗೆ ಸೇರಿ ಬಾಳುತ್ತದೆ. ಕಾವಿ ಮತ್ತು ಹಳದಿ ಮಣ್ಣಿನ ಬಣ್ಣಗಳನ್ನು ಸುಣ್ಣ ಕೆಡಿಸುವುದಿಲ್ಲ.

ಗೂಡು ಮತ್ತು ಗೂಟ: ಸೋಪು, ಎಣ್ಣೆ, ಸೀಗೆಪುಡಿಗೆ ಗೋಡೆಯಲ್ಲಿಯೇ ಗೂಡು ಇದ್ದರೆ ನೆಲದಲ್ಲಿ ಸಾಮಾನು ಇಡುವುದು ತಪ್ಪುತ್ತದೆ. ನುಣುಪು ಮಾಡಿದ ತೆಂಗಿನ ಗೆರಟೆಗೆ ಅಡಿಯಲ್ಲಿ ಮೂರು ತೂತು ಕೊರೆದರೆ ಸೋಪಿನ ತಟ್ಟೆಯಾಯಿತು. ನೀರು ಇಳಿದುಹೋಗುವುದರಿಂದ ಸೋಪು ಕರಗದು. ಬೈರಾಸು ಹಾಕಲು ಅಡಿಕೆ ಮರದ ಒಳ್ಳೆಯ ಸೀಳನ್ನು ಉಜ್ಜಿ, ಗೇರೆಣ್ಣೆ ಬಳಿದು, ಪೂರ್ತಿ ಒಣಗಿಸಿ ಅಡ್ಡಲಾಗಿ ಕಟ್ಟಬಹುದು. ಹಸಿ ಗೇರೆಣ್ಣೆ ಚರ್ಮವನ್ನು ಸುಡುವುದೆಂಬುದು ನೆನಪಿರಲಿ.

ಗಿಡ: ಮಣ್ಣಿನ ಕುಂಡದಲ್ಲಿ ಜರಿಗಿಡ, ಮನಿಪ್ಲಾಂಟ್ ಹಬೆಯಲ್ಲಿ ಚೆನ್ನಾಗಿ ಬರುತ್ತವೆ. ನೀರು ತುಂಬಿದ ಬಾಟಲಿಯಲ್ಲಿ ಬೇಡ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತಿಳಿ ನೀರಿನಲ್ಲಿಯೇ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಕುಂಡದ ಅಡಿಯ ತಟ್ಟೆ ಮತ್ತು ತಣ್ಣೀರ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ತಿಕ್ಕಬೇಕು.

ಹಂಡೆ: ಬಚ್ಚಲಿನ ನಿಜವಾದ ಆಭರಣ ತಾಮ್ರದ ಹಂಡೆಯೇ. ಕಾಣುವ ಕೊರಳಿನ ಭಾಗವನ್ನು ಹುಣಸೆಹಣ್ಣು ಅಥವಾ ಬಿಂಬುಳಿಯಿಂದ ಉಜ್ಜಿದರೆ ಹುಳಿಯು ತಾಮ್ರದ ಕಿಲುಬನ್ನು ಕರಗಿಸಿ ಹೊಳಪು ತರುತ್ತದೆ. ದೀಪಾವಳಿಯ ನೀರು ತುಂಬುವ ಸಂಜೆ ಹಂಡೆಗೆ ಶೇಡಿಯ ಗೆರೆ ಎಳೆದು, ಹೂವು ಬಳ್ಳಿ ಕಟ್ಟಿ ಸಿಂಗರಿಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದುದು. ಬಚ್ಚಲನ್ನು ಸಿಂಗರಿಸುವುದು ನಮಗೆ ಹೊಸತಲ್ಲ, ವರ್ಷಕ್ಕೆ ಒಂದು ದಿನ ಮಾಡುವುದನ್ನು ವರ್ಷವಿಡೀ ಉಳಿಸಿಕೊಳ್ಳುವುದಷ್ಟೇ ಹೊಸತು.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

1. ಕೆಂಡವಿರುವ ಒಲೆಯ ಬಚ್ಚಲಿನಲ್ಲಿ ಗಾಳಿಯ ದಾರಿಗಳನ್ನೆಲ್ಲ ಮುಚ್ಚಿ ಸ್ನಾನ ಮಾಡಬಾರದು. ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅರಿವಾಗುವ ಮೊದಲೇ ಎಚ್ಚರ ತಪ್ಪುತ್ತದೆ.
2. ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯ. ಅದನ್ನು ಬಚ್ಚಲಿನ ಹೊರಗೇ ಜೋಡಿಸಿ, ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತರಬೇಕು.
3. ದೀಪದ ಸ್ವಿಚ್ಚು ಬಾಗಿಲ ಹೊರಗಿರಲಿ. ವಿದ್ಯುತ್ ಗೀಸರ್ ಇದ್ದಲ್ಲಿ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಅಗತ್ಯ. ಬಾಲ್ದಿಯಲ್ಲಿ ಇಳಿಬಿಡುವ ರಾಡ್ ಬಳಸುವವರು ಕರೆಂಟು ತೆಗೆಯದೆ ನೀರು ಮುಟ್ಟಬಾರದು.
4. ಕೀಟನಾಶಕ, ಮೈಲುತುತ್ತು, ಸಿಂಪಡಣೆಯ ಬಾಲ್ದಿಗಳನ್ನು ಬಚ್ಚಲಿನಲ್ಲಿ ಇಡಕೂಡದು.

ಯಾವ ತಿಂಗಳಲ್ಲಿ ಯಾವ ಕೆಲಸ

ಡಿಸೆಂಬರ್–ಫೆಬ್ರವರಿ: ನೆಲ ಮತ್ತು ಗಾರೆಯ ಕೆಲಸ. ಬಾವಿಯಲ್ಲಿ ನೀರಿರುವುದರಿಂದ ಸಿಮೆಂಟಿಗೆ ಹತ್ತು ದಿನ ನೀರುಣಿಸಲು ಅಡಚಣೆಯಿಲ್ಲ. ಅಡಿಕೆ ಕೊಯ್ಲಿನ ನಡುವೆ ಬಿಡುವು ನೋಡಿ ಹೊಂದಿಸಿಕೊಳ್ಳಬೇಕು.

ಮಾರ್ಚ್–ಮೇ: ಪೈಪು, ಜಲ್ಲಿಗುಂಡಿ, ಬಾಳೆಯ ಸಾಲು, ಒಲೆ ಕಟ್ಟುವುದು, ಹಂಚು ಕೈಯಾಡಿಸುವುದು, ಗಾಜಿನ ಹಂಚು ಕೂರಿಸುವುದು, ಒಣ ಸೌದೆಯ ಸಂಗ್ರಹ.

ಜೂನ್–ಸೆಪ್ಟೆಂಬರ್: ಹೊಸ ಕೆಲಸ ಬೇಡ. ವಾರಕ್ಕೆ ಎರಡು ಬಾರಿ ನೆಲ ಉಜ್ಜಬೇಕು. ಎಲ್ಲಿ ಸೋರುತ್ತದೆ, ಎಲ್ಲಿ ಗೋಡೆ ಬೆವರುತ್ತದೆ ಎಂಬುದನ್ನು ಗುರುತಿಸಿಟ್ಟುಕೊಳ್ಳಬೇಕು.

ಅಕ್ಟೋಬರ್: ಮಸಿ ಕೆರೆದು ಸುಣ್ಣ, ಕಾವಿ, ಗೂಟ, ಗೂಡು, ಹಂಡೆಯ ಹೊಳಪು. ದೀಪಾವಳಿಗೆ ಬಚ್ಚಲು ಸಿದ್ಧ.

ಎಲ್ಲವನ್ನೂ ಒಂದೇ ವರ್ಷದಲ್ಲಿ ಮುಗಿಸಲಾಗದವರು ಈ ವಾರವೇ ಎರಡು ಕೆಲಸ ಮಾಡಬಹುದು: ಎರಡು ಗಾಜಿನ ಹಂಚು ಕೂರಿಸುವುದು ಮತ್ತು ಬಾಲ್ದಿ ನೀರಿನ ಪರೀಕ್ಷೆ. ಬೆಳಕು ಬಿದ್ದ ಮೇಲೆ ಮುಂದೆ ಮಾಡಬೇಕಾದ ಕೆಲಸ ಯಾವುದೆಂಬುದು ಮನೆಯವರ ಕಣ್ಣಿಗೇ ಕಾಣುತ್ತದೆ.